ಹೊರಗಿನ ಎಣ್ಣೆಯ ಹಂಗು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಆರು ಪತ್ರಗಳು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಹಿಡಿದಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಬಿಟ್ಟುಕೊಟ್ಟಿದ್ದೇನೆ. ಮೊದಲ ಪತ್ರ ನಾಲ್ಕು ಪುಟಗಳಷ್ಟಿತ್ತು. ಅದರ ತಿರುಳನ್ನಷ್ಟೇ ಇಲ್ಲಿ ಇಟ್ಟಿದ್ದೇನೆ.

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಕಬ್ಬು ಬೆಳೆಗಾರ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಅಚ್ಚುಕಟ್ಟಿನಲ್ಲಿ ಮೂರು ಎಕರೆ ಇದೆ. ರೈತ ಇನ್ನು ಅನ್ನ ಕೊಡುವವನಷ್ಟೇ ಅಲ್ಲ, ಇಂಧನ ಕೊಡುವವನೂ ಹೌದು, ಕಬ್ಬಿನ ಎಥೆನಾಲ್‌ನಿಂದಲೇ ದೇಶ ಅರಬರ ಎಣ್ಣೆಯಿಂದ ಬಿಡುಗಡೆಯಾಗುತ್ತದೆ ಎಂದು ಸಭೆಗಳಲ್ಲಿ ಹೇಳುತ್ತಾರೆ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ಇದನ್ನು ಒಪ್ಪುವುದಿಲ್ಲ, ಮುಂದೆ ಎಲ್ಲವೂ ಬ್ಯಾಟರಿಯೇ ಎನ್ನುತ್ತಾನೆ. ಒಂದು ದೇಶ ಹೊರಗಿನ ಎಣ್ಣೆಯನ್ನು ಪೂರ್ತಿ ಬಿಟ್ಟು ಬದುಕಬಹುದೇ? ಬದುಕಬಹುದಾದರೆ ಅದರಲ್ಲಿ ನಮ್ಮ ಕಬ್ಬಿನ ಪಾಲೆಷ್ಟು?

ಉತ್ತರ: ಎಣ್ಣೆಯನ್ನು ಹೊರಗಿನಿಂದ ತರುವ ಯಾವ ದೇಶವೂ ಇದುವರೆಗೆ ಅದನ್ನು ಪೂರ್ತಿಯಾಗಿ ಬಿಟ್ಟಿಲ್ಲ, ಆದರೆ ಬಹಳಷ್ಟು ಕಡಿಮೆ ಮಾಡಿಕೊಳ್ಳುವುದು ಆಗದ ಮಾತೇನಲ್ಲ. ಒಂದು ಲೀಟರ್ ಪೆಟ್ರೋಲಿನ ಜಾಗಕ್ಕೆ ಇನ್ನೇನನ್ನೋ ಒಂದು ಲೀಟರ್ ಸುರಿಯುತ್ತ ಹೋದರೆ ಅದು ಆಗುವುದಿಲ್ಲ; ಎಣ್ಣೆ ಇಂದು ಮಾಡಿಕೊಡುತ್ತಿರುವ ಕೆಲಸಗಳನ್ನು ಒಂದೊಂದಾಗಿ ಅದರ ಕೈಯಿಂದ ಬಿಡಿಸಿಕೊಳ್ಳುತ್ತ ಹೋದರೆ ಆಗುತ್ತದೆ. ಎಣ್ಣೆ ಎಂದರೆ ನಮ್ಮ ಕಡೆಯ ಹುಡುಗರು ಬೇರೆಯದನ್ನೇ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದು ಗೊತ್ತಿದ್ದೂ ನಿಮ್ಮ ಪದವನ್ನೇ ಉಳಿಸಿಕೊಂಡಿದ್ದೇನೆ; ಎಥೆನಾಲ್ ಎಂಬುದೂ ಆಲ್ಕೊಹಾಲೇ ಆದ್ದರಿಂದ ಆ ಅರ್ಥವೂ ತೀರ ತಪ್ಪಲ್ಲ.

ಮೊದಲು ಹಂಗಿನ ಅಳತೆಯನ್ನು ನೋಡೋಣ. ಭಾರತ ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ. 2023-24ರಲ್ಲಿ ನಾವು ತರಿಸಿಕೊಂಡದ್ದು ಸುಮಾರು 23 ಕೋಟಿ ಟನ್, ನಮ್ಮ ನೆಲ ಮತ್ತು ಕಡಲಿನಿಂದ ತೆಗೆದದ್ದು 3 ಕೋಟಿ ಟನ್ನಿಗೂ ಕಡಿಮೆ. ಆ ವರ್ಷ ಇದಕ್ಕೆ ತೆತ್ತ ಹಣ ಸುಮಾರು 13,000 ಕೋಟಿ ಡಾಲರ್. 2015ರಲ್ಲಿ ಪ್ರಧಾನಿಯವರು, ಆಗ ಶೇ 77ರಷ್ಟಿದ್ದ ಆಮದನ್ನು 2022ರ ಹೊತ್ತಿಗೆ ಹತ್ತು ಅಂಶ ಇಳಿಸಬೇಕೆಂದು ಗುರಿ ಹಾಕಿದ್ದರು. ಅದು ಇಳಿಯುವುದಿರಲಿ, ಅಷ್ಟೇ ಅಂಶ ಏರಿತು. ಇದನ್ನು ಯಾರನ್ನೂ ಹೀಯಾಳಿಸಲು ಹೇಳುತ್ತಿಲ್ಲ. ಹಳ್ಳಿ ಹಳ್ಳಿಗೆ ಬೈಕು, ಟ್ರ್ಯಾಕ್ಟರು, ಗ್ಯಾಸ್ ಸಿಲಿಂಡರು ತಲುಪುತ್ತಿರುವ ದೇಶದಲ್ಲಿ, ನಾವು ಉಳಿಸುವುದಕ್ಕಿಂತ ಬೇಡಿಕೆ ಬೆಳೆಯುವುದೇ ಜೋರು.

ಇನ್ನು ನಿಮ್ಮ ಕಬ್ಬು. ಎಕರೆಗೆ 40 ಟನ್ ಇಳುವರಿ ಎಂದು ಹಿಡಿಯೋಣ. ನೀವು ಇನ್ನೂ ಹೆಚ್ಚು ತೆಗೆಯುವವರಾದರೆ ಲೆಕ್ಕವನ್ನು ಅದಕ್ಕೆ ತಕ್ಕಂತೆ ಏರಿಸಿಕೊಳ್ಳಿ. ಸಕ್ಕರೆ ಮಾಡದೆ ರಸವನ್ನು ನೇರವಾಗಿ ಎಥೆನಾಲ್‌ಗೆ ಇಳಿಸಿದರೆ ಒಂದು ಟನ್ ಕಬ್ಬಿಗೆ ಸುಮಾರು 70 ಲೀಟರ್ ಸಿಗುತ್ತದೆ, ಅಂದರೆ ಎಕರೆಗೆ 2,800 ಲೀಟರ್. ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಮಾತ್ರ ಮಾಡಿದರೆ ಟನ್ನಿಗೆ ಹತ್ತು ಹನ್ನೊಂದು ಲೀಟರ್ ಸಿಕ್ಕರೆ ಹೆಚ್ಚು. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ ಶಕ್ತಿ ಇರುವುದರಿಂದ ಆ 2,800 ಲೀಟರು ಗಾಡಿ ಓಡಿಸುವ ಲೆಕ್ಕದಲ್ಲಿ ಸುಮಾರು 1,850 ಲೀಟರ್ ಪೆಟ್ರೋಲಿಗೆ ಸಮ.

ಇದನ್ನು ದೇಶಕ್ಕೆ ಹಿಗ್ಗಿಸಿ ನೋಡಿ. ನಾವು ವರ್ಷಕ್ಕೆ ಸುಡುವ ಪೆಟ್ರೋಲು ಹತ್ತಿರ ಹತ್ತಿರ 5,000 ಕೋಟಿ ಲೀಟರ್. ಅಷ್ಟನ್ನೂ ಕಬ್ಬಿನಿಂದಲೇ ತೆಗೆಯಬೇಕಾದರೆ 100 ಕೋಟಿ ಟನ್ನಿಗಿಂತ ಹೆಚ್ಚು ಕಬ್ಬು ಬೇಕು, ಆದರೆ ಇಡೀ ಭಾರತ ಬೆಳೆಯುವುದು 40ರಿಂದ 45 ಕೋಟಿ ಟನ್ ಮಾತ್ರ. ದೇಶದ ಒಂದು ಜಲ್ಲೆಯನ್ನೂ ಸಕ್ಕರೆಗೆ, ಬೆಲ್ಲಕ್ಕೆ, ಸಂಕ್ರಾಂತಿಗೆ ಬಿಡದೆ ಪೂರ್ತಿ ಹಿಂಡಿದರೂ ಪೆಟ್ರೋಲಿನ ಅರ್ಧವೂ ತುಂಬುವುದಿಲ್ಲ. ಈಗ ಬಂಕಿನಲ್ಲಿ ಹಾಕುತ್ತಿರುವ ಶೇ 20ರ ಮಿಶ್ರಣದಿಂದ ಒಟ್ಟು ಕಚ್ಚಾ ತೈಲದಲ್ಲಿ ಉಳಿಯುವುದು, ಶಕ್ತಿಯ ಲೆಕ್ಕ ಹಿಡಿದರೆ, ನೂರಕ್ಕೆ ಎರಡರ ಆಸುಪಾಸು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಎಥೆನಾಲ್ ಇತ್ತೀಚೆಗೆ ಬರುತ್ತಿರುವುದು ಕಬ್ಬಿನಿಂದಲ್ಲ, ಮೆಕ್ಕೆಜೋಳ ಮತ್ತು ಅಕ್ಕಿಯಿಂದ.

ನೀರಿನ ಮಾತನ್ನು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ, ಆದರೂ ಅಂಕಿಯೊಂದು ಗೊತ್ತಿರಲಿ. ನೀತಿ ಆಯೋಗದ ಲೆಕ್ಕದಲ್ಲಿ ಕಬ್ಬಿನ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕು. ನಿಮ್ಮ ಒಂದು ಎಕರೆಗೆ ಇದು 80 ಲಕ್ಷ ಲೀಟರ್ ಆಗುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಕನ್ನಂಬಾಡಿ ತುಂಬಲಿಲ್ಲ, ಕಾವೇರಿಗಾಗಿ ಮಂಡ್ಯದಲ್ಲಿ ರಸ್ತೆಗಿಳಿದದ್ದು ನಿಮಗೆ ನೆನಪಿರಬೇಕು. ಅದೇ ಡಿಸೆಂಬರಿನಲ್ಲಿ ಕಬ್ಬಿನ ಇಳುವರಿ ಕುಸಿಯುತ್ತದೆಂಬ ಭಯದಿಂದ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದಕ್ಕೆ ತಡೆ ಹಾಕಿತು. ಪರದೇಶದ ಹಡಗನ್ನು ಕಾಯುವ ಬದಲು ಕೊಡಗಿನ ಮಳೆಯನ್ನು ಕಾಯುವುದು ಕಡಿಮೆ ಹಂಗೇನಲ್ಲ.

ಬ್ರೆಜಿಲ್ ಮಾಡಿ ತೋರಿಸಿದೆಯಲ್ಲ ಎಂದು ನಿಮ್ಮ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ನಿಜ, 1973ರ ತೈಲ ಬಿಕ್ಕಟ್ಟಿನಲ್ಲಿ ಬೆಂದ ಬ್ರೆಜಿಲ್ 1975ರಲ್ಲಿ ಕಬ್ಬಿನ ಎಥೆನಾಲ್ ಯೋಜನೆಯನ್ನು ಶುರು ಮಾಡಿತು, ಮುಂದಿನ ಹತ್ತು ವರ್ಷಗಳಲ್ಲಿ ಅಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಹೆಚ್ಚಿನವು ಬರೀ ಎಥೆನಾಲ್‌ನಲ್ಲೇ ಓಡುತ್ತಿದ್ದವು. ಆದರೆ ಸಕ್ಕರೆಯ ಬೆಲೆ ಏರಿದಾಗ ಕಾರ್ಖಾನೆಗಳು ಸಕ್ಕರೆಯತ್ತ ತಿರುಗಿದವು, 1989-90ರ ಸುಮಾರಿಗೆ ಬಂಕುಗಳಲ್ಲಿ ಎಥೆನಾಲ್ ಸಿಗದೆ ಜನ ಪರದಾಡಿದರು, ಆ ಕಾರುಗಳ ಮೇಲಿನ ನಂಬಿಕೆ ಒಮ್ಮೆ ಹೋದದ್ದು ಎರಡೂ ಇಂಧನಕ್ಕೆ ಒಗ್ಗುವ ಕಾರುಗಳು 2003ರಲ್ಲಿ ಬರುವತನಕ ಮರಳಲಿಲ್ಲ. 2006ರಲ್ಲಿ ಬ್ರೆಜಿಲ್ ತೈಲದಲ್ಲಿ ಸ್ವಾವಲಂಬಿಯಾದೆನೆಂದು ಸಾರಿದ್ದಕ್ಕೆ ಕಬ್ಬಿಗಿಂತ ದೊಡ್ಡ ಕಾರಣ ಅದರ ಕಡಲಾಳದ ಎಣ್ಣೆಬಾವಿಗಳು. ಇಷ್ಟಾಗಿಯೂ ಅದು ಇಂದಿಗೂ ಡೀಸೆಲನ್ನು ಹೊರಗಿನಿಂದ ತರಿಸುತ್ತದೆ.

ಡೀಸೆಲ್ ಎಂಬುದೇ ಇಲ್ಲಿ ಎಲ್ಲರೂ ಮರೆಯುವ ಮಾತು. ನಮ್ಮ ದೇಶದಲ್ಲಿ ಪೆಟ್ರೋಲಿಗಿಂತ ಡೀಸೆಲ್ ಬಳಕೆ ತೂಕದಲ್ಲಿ ಎರಡು ಪಟ್ಟಿಗಿಂತ ಹೆಚ್ಚು, ಮತ್ತು ಎಥೆನಾಲ್ ಡೀಸೆಲಿನೊಂದಿಗೆ ಸರಿಯಾಗಿ ಬೆರೆಯುವುದಿಲ್ಲ. ಡೀಸೆಲಿಗೆ ಜೊತೆಯೆಂದು ಇಪ್ಪತ್ತು ವರ್ಷದ ಹಿಂದೆ ಕಾಡುಹರಳನ್ನೂ ಹೊಂಗೆಯನ್ನೂ ನೆಡಿಸಿದರು; ನಮ್ಮ ರಾಜ್ಯದಲ್ಲಿ ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಚೆಂದದ ಹೆಸರಿನ ಯೋಜನೆಗಳೂ ಬಂದವು. ಹೊಂಗೆಯ ನೆರಳು ಚೆನ್ನಾಗಿದೆ, ಆದರೆ ಇಂತಹ ಬೀಜದೆಣ್ಣೆಯಿಂದ ಮಾಡುವ ಬಯೋಡೀಸೆಲಿನ ಮಿಶ್ರಣ ದೇಶದಲ್ಲಿ ಇನ್ನೂ ಶೇ 1ನ್ನು ದಾಟಿಲ್ಲ.

ಹಾಗಾದರೆ ದಾರಿ ಎಲ್ಲಿದೆ ಎಂದರೆ, ನಿಮ್ಮ ಸುತ್ತಲಿನ ಆಲೆಮನೆಯಲ್ಲೇ ಇದೆ. ಹೋದ ಸುಗ್ಗಿಯಲ್ಲಿ ಪಾಂಡವಪುರದ ಕಡೆ ಒಂದು ಆಲೆಮನೆಗೆ ಹೋಗಿದ್ದೆ. ಯಜಮಾನರ ತಾತನ ಕಾಲದಲ್ಲಿ ಅಲ್ಲಿ ಗಾಣವನ್ನು ತಿರುಗಿಸುತ್ತಿದ್ದದ್ದು ಎತ್ತುಗಳು. ತಂದೆಯ ಕಾಲದಲ್ಲಿ ಡೀಸೆಲ್ ಎಂಜಿನ್ ಬಂತು. ಈಗ ತ್ರೀ ಫೇಸ್ ಮೋಟಾರು. ಹಳೆಯ ಎಂಜಿನ್ನು ಹುಣಸೆಮರದ ಬುಡದಲ್ಲಿ ಅರ್ಧ ಮಣ್ಣಿಗಿಳಿದು ನಿಂತಿದೆ, ಅದರ ದೊಡ್ಡ ಚಕ್ರದ ಕಡ್ಡಿಗಳ ನಡುವೆ ಕೋಳಿ ಮೊಟ್ಟೆ ಇಟ್ಟಿತ್ತು. ಮತ್ತೆ ಓಡಿಸಬೇಕೆನ್ನಿಸುವುದಿಲ್ಲವೇ ಎಂದು ಕೇಳಿದ್ದಕ್ಕೆ ಯಜಮಾನರು, “ಕರೆಂಟ್ ಬಂದ್ ಮ್ಯಾಲೆ ಅದ್ನ ಯಾರ್ ಸ್ವಾಮಿ ತಿರುಗುಸ್ತಾರೆ?” ಎಂದು ನಕ್ಕರು. ಕೊಪ್ಪರಿಗೆಯ ಕೆಳಗೆ ಉರಿಯುವುದು ಅದೇ ಕಬ್ಬಿನ ಒಣಸಿಪ್ಪೆ. ಆ ಅಂಗಳದಲ್ಲಿ ಈಗ ಒಂದು ತೊಟ್ಟು ಎಣ್ಣೆಯೂ ಬೇಕಿಲ್ಲ, ಅದಕ್ಕಾಗಿ ಯಾರೂ ಚಳವಳಿ ಹೂಡಿರಲಿಲ್ಲ, ಗುರಿಯನ್ನೂ ಹಾಕಿರಲಿಲ್ಲ. ಆದರೆ ಕಬ್ಬು ಬರುವುದು ಟ್ರ್ಯಾಕ್ಟರಿನಲ್ಲಿ, ಬೆಲ್ಲ ಹೋಗುವುದು ಲಾರಿಯಲ್ಲಿ. ಡೀಸೆಲ್ ಅಂಗಳವನ್ನು ಬಿಟ್ಟು ರಸ್ತೆಗೆ ಹೋಗಿ ನಿಂತಿದೆ ಎಂದರೆ ಸರಿಯಾದೀತು.

ನಿಮ್ಮ ಮಗನ ಮಾತಿಗೆ ತೂಕ ಬರುವುದು ಇಲ್ಲಿ. ಪಾವಗಡದ ಸೌರ ಪಾರ್ಕು ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ್ದು. ಆ ಅಳತೆಯಲ್ಲಿ ಒಂದು ಎಕರೆ ವರ್ಷಕ್ಕೆ ಎರಡೂವರೆ ಲಕ್ಷ ಯೂನಿಟ್ ವಿದ್ಯುತ್ ಕೊಡುತ್ತದೆಂದು ಹಿಡಿಯಬಹುದು. ವಿದ್ಯುತ್ ಕಾರು ಯೂನಿಟ್ಟಿಗೆ ಏಳು ಕಿಲೋಮೀಟರ್ ಓಡಿದರೆ ಆ ಎಕರೆಯಿಂದ 17 ಲಕ್ಷ ಕಿಲೋಮೀಟರಿಗೂ ಮಿಕ್ಕಿ ಓಡಬಹುದು. ನಿಮ್ಮ ಎಕರೆ ಕಬ್ಬಿನ ಎಥೆನಾಲ್, ಮೇಲೆ ಹೇಳಿದ 1,850 ಲೀಟರ್ ಪೆಟ್ರೋಲಿನ ಲೆಕ್ಕದಲ್ಲಿ ಲೀಟರಿಗೆ ಹದಿನೈದರಂತೆ, ಅದೇ ಗಾತ್ರದ ಕಾರನ್ನು ಸುಮಾರು 28,000 ಕಿಲೋಮೀಟರ್ ಓಡಿಸುತ್ತದೆ. ಅರವತ್ತು ಪಟ್ಟು ವ್ಯತ್ಯಾಸ. ಅದೂ ಮಳೆ ಕಾಣದ ಪಾವಗಡದ ನೆಲದಲ್ಲಿ. ನಾಲೆಯ ಗದ್ದೆಗಳಿಗೆ ಸೌರ ಫಲಕ ಹಾಕಿ ಎಂದು ನಾನು ಹೇಳುತ್ತಿಲ್ಲ, ಅಂತಹ ಸಲಹೆ ಕೊಟ್ಟು ಮದ್ದೂರಿನ ದಾರಿಯಲ್ಲಿ ಬರುವ ಧೈರ್ಯವೂ ನನಗಿಲ್ಲ. ಕಬ್ಬಿನ ಬೆಲೆ ಬಿದ್ದುಹೋಗದಂತೆ ಹಿಡಿಯುವ ಊರುಗೋಲಾಗಿ, ಕಾರ್ಖಾನೆ ಬಾಕಿ ಬೇಗ ಕೊಡುವಂತೆ ಮಾಡುವ ಉಪಾಯವಾಗಿ ಎಥೆನಾಲ್‌ಗೆ ಅದರದೇ ಬೆಲೆ ಇದೆ. ದೇಶದ ತೈಲ ಹಂಗನ್ನು ಹರಿಯುವ ಕತ್ತಿ ಅದಲ್ಲ.

ಕೆಲಸ ಕೆಲಸವಾಗಿ ಬಿಡಿಸಿಕೊಳ್ಳುವುದು ಎಂದೆನಲ್ಲ, ಸುಲಭದಿಂದ ಕಷ್ಟಕ್ಕೆ ಅದರ ಕ್ರಮ ಹೀಗಿದೆ. ರೈಲು ಆಗಲೇ ಬಿಡಿಸಿಕೊಂಡಿದೆ. ಬ್ರಾಡ್‌ಗೇಜ್ ಮಾರ್ಗಗಳು ಹೆಚ್ಚುಕಡಿಮೆ ಪೂರ್ತಿ ವಿದ್ಯುತ್ತಿಗೆ ಬಂದಿವೆ, ಮೈಸೂರು-ಬೆಂಗಳೂರು ಮಾರ್ಗದಲ್ಲಿ ಮಂಡ್ಯ ನಿಲ್ದಾಣದಲ್ಲಿ ನಿಂತರೆ ತಲೆಯ ಮೇಲೆ ತಂತಿ ಕಾಣುತ್ತದೆ. ಆಟೋಗಳು ಬಿಡಿಸಿಕೊಳ್ಳುತ್ತಿವೆ, ದೇಶದಲ್ಲಿ ಮಾರಾಟವಾಗುವ ಹೊಸ ತ್ರಿಚಕ್ರ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ವಿದ್ಯುತ್ತಿನವು. ದೇಶದ ಪೆಟ್ರೋಲಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕುಡಿಯುವ ಬೈಕು ಸ್ಕೂಟರುಗಳು ನಿಧಾನವಾಗಿ ಹೊರಟಿವೆ. 2023ರ ಆರಂಭದಿಂದ ಮೈಸೂರು-ಬೆಂಗಳೂರು ನಡುವೆ ಕೆಎಸ್‌ಆರ್‌ಟಿಸಿಯ ವಿದ್ಯುತ್ ಬಸ್ಸುಗಳೂ ಓಡುತ್ತಿವೆ. ಕಷ್ಟವಿರುವುದು ಲಾರಿಯಲ್ಲಿ. ಅಲ್ಲಿ ಬ್ಯಾಟರಿಗಿಂತ ಮೊದಲ ಮದ್ದು ಸರಕನ್ನು ಮತ್ತೆ ರೈಲಿಗೆ ಹತ್ತಿಸುವುದು. 1950-51ರಲ್ಲಿ ದೇಶದ ಸರಕಿನಲ್ಲಿ ಶೇ 80ಕ್ಕೂ ಹೆಚ್ಚು ರೈಲಿನಲ್ಲಿ ಹೋಗುತ್ತಿದ್ದದ್ದು ಈಗ ಶೇ 30ಕ್ಕಿಂತ ಕೆಳಗಿದೆ. ಇದಾದ ಮೇಲೂ ವಿಮಾನ, ಪ್ಲಾಸ್ಟಿಕ್, ರಸ್ತೆಗೆ ಹಾಕುವ ಡಾಂಬರು ಉಳಿಯುತ್ತವೆ. ಅದಕ್ಕೇ ಪೂರ್ತಿ ಬಿಡಲಾಗದು ಎಂದದ್ದು.

ಯಾರೂ ಬರೆದು ಕೇಳದ ಇನ್ನೊಂದು ಹಂಗೂ ಇದೆ, ಅದು ಸರ್ಕಾರಗಳದು. ಬಂಕಿನಲ್ಲಿ ನೀವು ಕೊಡುವ ದುಡ್ಡಿನಲ್ಲಿ ಕೇಂದ್ರದ ಅಬಕಾರಿ ಸುಂಕವೂ ರಾಜ್ಯದ ಮಾರಾಟ ತೆರಿಗೆಯೂ ದೊಡ್ಡ ಪಾಲು. ಕೈ ಬಿಗಿಯಾದಾಗ ಎರಡೂ ಸರ್ಕಾರಗಳು ಮೊದಲು ನೋಡುವುದು ಆ ಕಡೆಯೇ. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಮಾರಾಟ ತೆರಿಗೆ ಏರಿಸಿದಾಗ ಪೆಟ್ರೋಲ್, ಡೀಸೆಲ್ ಎರಡೂ ಲೀಟರಿಗೆ ಸುಮಾರು 3 ರೂಪಾಯಿ ಒಂದೇ ದಿನ ಹೆಚ್ಚಿದವು. ಜನ ಎಣ್ಣೆ ಬಿಟ್ಟರೆ ಈ ಆದಾಯವನ್ನು ಯಾವುದರ ಮೇಲೆ ಹೇರುತ್ತಾರೆ ಎಂಬುದನ್ನು ಎರಡೂ ಸರ್ಕಾರಗಳು ಇನ್ನೂ ಬಾಯಿಬಿಟ್ಟು ಹೇಳಿಲ್ಲ.

ಪ್ರಶ್ನೆ: ಹೊರಗಿನಿಂದ ತರುವ ಬದಲು ನಮ್ಮ ನೆಲವನ್ನೇ ಇನ್ನಷ್ಟು ಆಳಕ್ಕೆ ಕೊರೆಯಬಾರದೇಕೆ? ನಮ್ಮ ಜಿಲ್ಲೆಯಲ್ಲಿ ಯಾರಾದರೂ ಹುಡುಕಿದ್ದಾರೆಯೇ? (ಪದವಿ ವಿದ್ಯಾರ್ಥಿ, ಮಂಡ್ಯ)

ಉತ್ತರ: ನಮ್ಮ ಜಿಲ್ಲೆಯಲ್ಲಿ ಹುಡುಕುವ ಅಗತ್ಯವೇ ಇಲ್ಲ. ಎಣ್ಣೆ ಸಿಗುವುದು ಹಿಂದೆ ಸಮುದ್ರದ ಇಲ್ಲವೇ ಸರೋವರದ ತಳವಾಗಿದ್ದು, ಸಣ್ಣ ಜೀವಿಗಳ ಅವಶೇಷ ಕೆಸರಿನೊಂದಿಗೆ ಪದರ ಪದರವಾಗಿ ಕೂತು ಕಲ್ಲಾದ ಕಡೆ. ಶ್ರೀರಂಗಪಟ್ಟಣ, ಮೇಲುಕೋಟೆಗಳ ಬಂಡೆಗಳು ಬೆಂಕಿಯಲ್ಲಿ ಬೆಂದ ಬಂಡೆಗಳು, ಈ ಕಡೆಯ ತಳಬಂಡೆಯ ವಯಸ್ಸು 250 ಕೋಟಿ ವರ್ಷಕ್ಕಿಂತ ಹೆಚ್ಚು. ಬೇರೆ ಕಡೆ ಎಣ್ಣೆಯಾಗುವ ಕೆಸರು ಕೂರುತ್ತಿದ್ದ ಹೊತ್ತಿಗೆ ಇವು ಆಗಲೇ ಬಹಳ ಹಳೆಯ ಬಂಡೆಗಳಾಗಿದ್ದವು.

ದೇಶದ ಉಳಿದ ಕಡೆ ಹುಡುಕಾಟ ನಿಂತಿಲ್ಲ. ಅಸ್ಸಾಮಿನ ದಿಗ್ಬೋಯ್‌ನಲ್ಲಿ 1889ರಲ್ಲೇ ಎಣ್ಣೆ ಸಿಕ್ಕಿತ್ತು. 1974ರಲ್ಲಿ ಮುಂಬಯಿಯ ಕಡಲಲ್ಲಿ ಬಾಂಬೆ ಹೈ ಸಿಕ್ಕಿದ ಮೇಲೆ, 1980ರ ದಶಕದ ನಡುಭಾಗದಲ್ಲಿ ನಮ್ಮ ಬೇಡಿಕೆಯ ಅರ್ಧಕ್ಕಿಂತ ಹೆಚ್ಚನ್ನು ನಾವೇ ತೆಗೆಯುತ್ತಿದ್ದೆವು ಎಂದರೆ ಈಗ ನಂಬುವುದು ಕಷ್ಟ. 2004ರಲ್ಲಿ ರಾಜಸ್ಥಾನದ ಬಾಡ್ಮೇರ್‌ನಲ್ಲಿ ಇನ್ನೊಂದು ದೊಡ್ಡ ನಿಕ್ಷೇಪ ಸಿಕ್ಕಿತು. ಆದರೆ ಬಾವಿಗಳು ಮುದಿಯಾಗುತ್ತವೆ. 2011-12ರಲ್ಲಿ ಸುಮಾರು 3.8 ಕೋಟಿ ಟನ್ ಇದ್ದ ನಮ್ಮ ಉತ್ಪಾದನೆ ಅಲ್ಲಿಂದೀಚೆಗೆ ಇಳಿಯುತ್ತಲೇ ಬಂದಿದೆ. ಇಳಿಕೆಯನ್ನು ತಡೆಯಲು ಕೊರೆಯಬೇಕು, ಸರಿ. ಅದರಿಂದ ಶೇ 85ರ ಕಂದಕ ತುಂಬುತ್ತದೆಂದು ನಂಬುವುದು ಬೇಡ.

ಪ್ರಶ್ನೆ: ಅಮೆರಿಕ ಈಗ ತೈಲದಲ್ಲಿ ಪೂರ್ತಿ ಸ್ವತಂತ್ರವಂತೆ. ಆದರೂ 2022ರಲ್ಲಿ ಅಲ್ಲಿದ್ದ ನನ್ನ ಮಗಳು ಪೆಟ್ರೋಲ್ ಬೆಲೆಯ ಬಗ್ಗೆ ಗೋಳಾಡುತ್ತಿದ್ದಳು. ಇದು ಹೇಗೆ? (ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು)

ಉತ್ತರ: ತಮ್ಮ ಮಗಳ ಗೋಳಿಗೆ ಕಾರಣವಿತ್ತು. 1973ರ ನವೆಂಬರಿನಲ್ಲಿ ಅಧ್ಯಕ್ಷ ನಿಕ್ಸನ್, 1980ರ ಹೊತ್ತಿಗೆ ದೇಶ ಹೊರಗಿನ ಎಣ್ಣೆಯಿಂದ ಬಿಡುಗಡೆಯಾಗಬೇಕೆಂದು ಸಾರಿದರು. 2005ರ ಹೊತ್ತಿಗೆ ಆ ದೇಶದ ಬಳಕೆಯಲ್ಲಿ ನಿವ್ವಳ ಆಮದು ಶೇ 60ಕ್ಕೆ ಮುಟ್ಟಿತ್ತು. ಆಮೇಲೆ ಶೇಲ್ ಎಂಬ ಬಿಗಿ ಕಲ್ಲಿನ ಪದರಗಳನ್ನು ನೀರಿನ ಒತ್ತಡದಿಂದ ಸೀಳಿ ಎಣ್ಣೆ ತೆಗೆಯುವ ವಿಧಾನ ಕೈಗೂಡಿ, 2020ರಲ್ಲಿ ಅಮೆರಿಕ ತರಿಸುವುದಕ್ಕಿಂತ ಹೆಚ್ಚು ಕಳಿಸುವ ದೇಶವಾಯಿತು. ಎಂಬತ್ತಕ್ಕೆ ಅಂದದ್ದು ಇಪ್ಪತ್ತಕ್ಕೆ ಆಯಿತು, ನಡುವೆ ಏಳು ಮಂದಿ ಅಧ್ಯಕ್ಷರು ಬಂದುಹೋದರು.

ಆದರೂ 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಜಗತ್ತಿನ ಬೆಲೆ ಏರಿದಾಗ ಜೂನ್‌ನಲ್ಲಿ ಅಲ್ಲಿನ ಪೆಟ್ರೋಲ್ ಗ್ಯಾಲನ್ನಿಗೆ 5 ಡಾಲರ್ ದಾಟಿತು. ಮಂಡ್ಯದ ಬೆಲ್ಲದ ಹಾಗೆಯೇ ಇದು. ಉತ್ತರದ ವ್ಯಾಪಾರಿ ಮಂಡಿಯಲ್ಲಿ ಹೆಚ್ಚು ಕೂಗಿದನೆಂದರೆ ಆಲೆಮನೆಯ ಪಕ್ಕದ ಮನೆಯವರಿಗೂ ಅಚ್ಚು ಅಗ್ಗವಾಗಿ ಸಿಗುವುದಿಲ್ಲ. ಎಣ್ಣೆ ಸ್ವಂತದ್ದಾದರೆ ಸರಬರಾಜು ನಿಲ್ಲುವ ಭಯ ಹೋಗುತ್ತದೆ, ಹೊರಗೆ ಹೋಗುವ ಡಾಲರ್ ದೇಶದಲ್ಲೇ ಉಳಿಯುತ್ತದೆ. ಬೆಲೆಯ ಹಂಗು ಮಾತ್ರ ಎಣ್ಣೆಯನ್ನು ಕಡಿಮೆ ಸುಡುವವನಿಗಷ್ಟೇ ಕಡಿಮೆಯಾಗುತ್ತದೆ. ನಮಗಂತೂ ಎಣ್ಣೆಗೆ ಕೊಡಲು ಡಾಲರ್ ಸಾಲದಾಗುವ ಭಯವೂ ಹೊಸದಲ್ಲ. ಕುವೈತ್ ಯುದ್ಧದಲ್ಲಿ ಎಣ್ಣೆಯ ಬೆಲೆ ಏರಿ, ಮೊದಲೇ ಸೊರಗಿದ್ದ ವಿದೇಶಿ ವಿನಿಮಯ ಬರಿದಾಗಿ, 1991ರಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಅಡವಿಡಬೇಕಾಯಿತು.

ಪ್ರಶ್ನೆ: ಎಣ್ಣೆ ಬಿಟ್ಟು ಬ್ಯಾಟರಿ ಹಿಡಿದರೆ ಅರಬರ ಬದಲು ಚೀನಾದವರ ಕೈಗೆ ಸಿಕ್ಕಿಬೀಳುವುದಿಲ್ಲವೇ? ನಮ್ಮ ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂ ಸಿಕ್ಕಿದೆ ಎಂದು ಓದಿದ್ದೆ, ಅದು ಸಾಲದೇ? ಕರೆಂಟೂ ಕಲ್ಲಿದ್ದಲಿನಿಂದಲೇ ಬರುವುದಲ್ಲವೇ? (ಅಂಗಡಿ ಮಾಲೀಕರು, ಶ್ರೀರಂಗಪಟ್ಟಣ)

ಉತ್ತರ: ಮೂರೂ ಒಳ್ಳೆಯ ಪ್ರಶ್ನೆಗಳು. ಮಾರ್ಲಗಲ್ಲ-ಅಲ್ಲಾಪಟ್ಟಣ ಪ್ರದೇಶದಲ್ಲಿ ಅಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿರುವ ಲಿಥಿಯಂ 1,600 ಟನ್. ಇದಕ್ಕೂ ಮೊದಲು ಪತ್ರಿಕೆಗಳಲ್ಲಿ ಬಂದಿದ್ದ 14,100 ಟನ್ ಎಂಬ ಅಂಕಿಯನ್ನು ಮರೆತುಬಿಡಿ. ಒಂದು ಸಾಧಾರಣ ವಿದ್ಯುತ್ ಕಾರಿನ ಬ್ಯಾಟರಿಗೆ ಸುಮಾರು 8 ಕಿಲೋ ಲಿಥಿಯಂ ಬೇಕು. ಒಂದು ಗ್ರಾಮೂ ಪೋಲಾಗದೆ ಅಷ್ಟನ್ನೂ ತೆಗೆದರೂ ಎರಡು ಲಕ್ಷ ಕಾರಿಗಾಗುತ್ತದೆ. ದೇಶದಲ್ಲಿ ವರ್ಷಕ್ಕೆ ಮಾರಾಟವಾಗುವ ಹೊಸ ಕಾರುಗಳು 40 ಲಕ್ಷದಷ್ಟು, ಅಂದರೆ ಮಾರ್ಲಗಲ್ಲ ಮೂರು ವಾರದ ಮಾರಾಟಕ್ಕೂ ಸಾಲದು. ಬೇರೆ ಕಡೆ ಎಣ್ಣೆಯಾಗುವ ಕೆಸರು ಕೂರುತ್ತಿದ್ದಾಗ ನಮ್ಮ ಬಂಡೆಗಳು ಆಗಲೇ ಮುದುಕಾಗಿದ್ದವು ಎಂದೆನಲ್ಲ, ಇಲ್ಲಿನ ಲಿಥಿಯಂ ಇರುವುದು ಅಂತಹ ಬಂಡೆಯ ಸೀಳುಗಳಲ್ಲೇ. ನಮಗೆ ಎಣ್ಣೆಯನ್ನು ಕೊಡದ ನೆಲ ಇಷ್ಟನ್ನಾದರೂ ಕೊಟ್ಟಿದೆ.

ಚೀನಾದ ಮಾತು ನಿಜ, ಜಗತ್ತಿನ ಬ್ಯಾಟರಿ ಸೆಲ್‌ಗಳಲ್ಲಿ ನಾಲ್ಕನೆಯ ಮೂರು ಭಾಗ ಅಲ್ಲೇ ತಯಾರಾಗುತ್ತವೆ. ಆದರೆ ಎರಡು ಹಂಗುಗಳೂ ಒಂದೇ ಅಲ್ಲ. ಎಣ್ಣೆ ದಿನಸಿಯ ಹಾಗೆ, ಅಂಗಡಿಯವನು ಇವತ್ತು ಕೊಡದಿದ್ದರೆ ಇವತ್ತೇ ಒಲೆ ಆರುತ್ತದೆ. ಅಂಗಡಿ ಇಟ್ಟಿರುವ ತಮಗೆ ಇದನ್ನು ನಾನು ಹೇಳಬೇಕೇ. ಬ್ಯಾಟರಿ ಪಾತ್ರೆಯ ಹಾಗೆ. ಪಾತ್ರೆಯವನು ಜಗಳ ಮಾಡಿಕೊಂಡು ಹೋದರೆ ಹೊಸ ಪಾತ್ರೆ ಬರುವುದಿಲ್ಲ, ಮನೆಯಲ್ಲಿರುವ ಪಾತ್ರೆಯಲ್ಲಿ ಅಡಿಗೆ ನಡೆಯುತ್ತಲೇ ಇರುತ್ತದೆ, ಒಡೆದ ಮೇಲೂ ಕರಗಿಸಿ ಮತ್ತೊಂದನ್ನು ಎರೆಯಬಹುದು. ತನ್ನಲ್ಲಿ ಎಣ್ಣೆಯೂ ಇಲ್ಲದ, ಡಾಲರೂ ಸಾಲದ, ಆದರೆ ಜಲವಿದ್ಯುತ್ ಇರುವ ಇಥಿಯೋಪಿಯಾ 2024ರಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಆಮದನ್ನೇ ನಿಲ್ಲಿಸಿತು. ಬಡದೇಶವೊಂದು ಹಾಗೆ ಮಾಡಿದ್ದು ಹೊಗೆಯ ಚಿಂತೆಯಿಂದಲ್ಲ, ದಿನಸಿಯ ಸಾಲ ತೀರಿಸಲಾಗದೆ.

ಕಲ್ಲಿದ್ದಲಿನ ಬಗ್ಗೆ: ಹೊಗೆಯ ಲೆಕ್ಕ ಬೇರೆ, ಹಂಗಿನ ಲೆಕ್ಕ ಬೇರೆ. ನಮ್ಮ ಕಲ್ಲಿದ್ದಲಿನ ಬಹುಪಾಲು ನಮ್ಮ ಗಣಿಗಳದೇ. ಮತ್ತೆ ತಮ್ಮ ಜಿಲ್ಲೆಯವರು ಕರೆಂಟಿನ ವಿಷಯದಲ್ಲಿ ಅಷ್ಟು ಸಂಕೋಚಪಡಬೇಕಾಗಿಲ್ಲ. ಶಿವನಸಮುದ್ರದ ನೀರಿನಿಂದ 1902ರಲ್ಲೇ ವಿದ್ಯುತ್ ಹೊರಟು ಕೋಲಾರದ ಗಣಿಗಳನ್ನು ನಡೆಸಿತ್ತು.

ಪ್ರಶ್ನೆ: ಯುದ್ಧವಾಗಿ ಹಡಗುಗಳು ನಿಂತರೆ ನಮ್ಮಲ್ಲಿ ಎಷ್ಟು ದಿನದ ಎಣ್ಣೆ ದಾಸ್ತಾನಿದೆ? (ಲಾರಿ ಮಾಲೀಕರು, ನಂಜನಗೂಡು)

ಉತ್ತರ: ಬಂಡೆಯನ್ನು ಕೊರೆದು ಮಾಡಿದ ಮೂರು ನೆಲಮಾಳಿಗೆಗಳಲ್ಲಿ ಸರ್ಕಾರ ಕಚ್ಚಾ ತೈಲವನ್ನು ಕೂಡಿಡುತ್ತದೆ. ವಿಶಾಖಪಟ್ಟಣದ್ದು 13.3 ಲಕ್ಷ ಟನ್ನಿನದು, ಮಂಗಳೂರಿನದು 15 ಲಕ್ಷ, ಉಡುಪಿ ಜಿಲ್ಲೆಯ ಪಾದೂರಿನದು 25 ಲಕ್ಷ. ಮೂರರಲ್ಲಿ ಎರಡು ನಮ್ಮ ರಾಜ್ಯದಲ್ಲೇ ಇವೆ. ಮೂರೂ ತುಂಬಿದ್ದರೆ ದೇಶಕ್ಕೆ ಒಂಬತ್ತೂವರೆ ದಿನಕ್ಕಾಗುತ್ತದೆ. ತೈಲ ಕಂಪನಿಗಳ ತೊಟ್ಟಿ, ಪೈಪುಗಳಲ್ಲಿರುವುದು ಸೇರಿದರೆ ಇನ್ನೆರಡು ತಿಂಗಳು. ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುವುದರಿಂದ, ನನ್ನನ್ನು ಕೇಳಿದರೆ, ಲಾರಿಗಿಂತ ಮೊದಲು ಅಡುಗೆಮನೆಗೆ ಬಿಸಿ ತಟ್ಟುತ್ತದೆ.

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಮೈಸೂರಿನಲ್ಲಿ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವೆಂದು ನಮ್ಮ ತಾತ ಹೇಳುತ್ತಿದ್ದರು. ಅದು ನಿಜವೇ? ನಿಜವಾದರೆ ಅದನ್ನು ಬಿಟ್ಟದ್ದೇಕೆ? (ಗೃಹಿಣಿ, ಕುವೆಂಪುನಗರ, ಮೈಸೂರು)

ಉತ್ತರ: ತಾತ ಹೇಳಿದ್ದು ನಿಜ. 1942ರಲ್ಲಿ ಜಪಾನಿನ ಸೇನೆ ರಂಗೂನನ್ನು ಹಿಡಿದ ಮೇಲೆ ಬರ್ಮಾದಿಂದ ಭಾರತಕ್ಕೆ ಬರುತ್ತಿದ್ದ ಎಣ್ಣೆ ನಿಂತುಹೋಯಿತು, ಪಡಿತರದಲ್ಲಿದ್ದ ಪೆಟ್ರೋಲು ಸಿಗುವುದು ಇನ್ನಷ್ಟು ಕಷ್ಟವಾಯಿತು. ಬಸ್ಸಿನ ಹಿಂಬದಿಗೆ ಹಂಡೆಯಂತಹ ಒಂದು ಒಲೆಯನ್ನು ಕಟ್ಟಿ, ಅದರಲ್ಲಿ ಇದ್ದಿಲನ್ನು ಅರೆಬರೆ ಉರಿಸಿ, ಬಂದ ಅನಿಲವನ್ನು ಕೊಳವೆಯಲ್ಲಿ ಎಂಜಿನ್ನಿಗೆ ಬಿಡುತ್ತಿದ್ದರು. ಬೆಳಗ್ಗೆ ಬಸ್ಸು ಹೊರಡುವುದಕ್ಕೆ ಬಹಳ ಮುಂಚೆಯೇ ಕ್ಲೀನರ್ ಬಂದು ತಿದಿ ತಿರುಗಿಸಿ ಒಲೆ ಹೊತ್ತಿಸಬೇಕಾಗಿತ್ತು, ಏರು ಬಂದರೆ ಎಂಜಿನ್ ಸೊರಗಿ ಪ್ರಯಾಣಿಕರೇ ಇಳಿದು ತಳ್ಳುವುದೂ ಇತ್ತಂತೆ. ಕಬ್ಬಿನ ಆಲ್ಕೊಹಾಲನ್ನು ಪೆಟ್ರೋಲಿಗೆ ಬೆರೆಸುವ ಆಲೋಚನೆಯೂ ಆ ಕಾಲದ್ದೇ. ಅದಕ್ಕೆಂದು 1948ರಲ್ಲಿ ದೇಶದಲ್ಲಿ ಒಂದು ಕಾಯ್ದೆಯೇ ಬಂದಿತ್ತು ಎಂಬುದನ್ನು ನಮ್ಮ ಮದ್ದೂರಿನ ಪತ್ರಲೇಖಕರೂ ಗಮನಿಸಬಹುದು. ಬಿಟ್ಟದ್ದೇಕೆ ಎಂದರೆ, ಯುದ್ಧ ಮುಗಿದು ಬಂಕಿನಲ್ಲಿ ಅಗ್ಗದ ಪೆಟ್ರೋಲು ಮತ್ತೆ ಸಿಗತೊಡಗಿತು, ಬಸ್ಸಿನವರು ಆ ಒಲೆಗಳನ್ನು ಬಿಚ್ಚಿ ಗುಜರಿಗೆ ಹಾಕಿದರು.